ರಸೀದಿ ಪುಸ್ತಕ ಮುಚ್ಚೋರು ಯಾರು? ಕಾಲೇಜು ಆಫೀಸಿನ ಸಾಫ್ಟ್‌ವೇರ್‌ಗಳು ಅರ್ಧಕ್ಕೇ ನಿಲ್ಲೋ ಕತೆ

ನಮ್ಮ ಕಾಲೇಜಿನ ಫೀ ಕೌಂಟರ್‌ನಲ್ಲಿ ಮರದ್ದೊಂದು ಸ್ಕೇಲಿದೆ, ಒಂದ್ಕಡೆ ಮೂಲೆ ಸವೆದು ದುಂಡಗಾಗಿದೆ. ಅಡ್ಮಿಷನ್ ಟೈಮಲ್ಲಿ ದಿನಾ ಸಂಜೆ ನಮ್ಮ ಎಸ್‌ಡಿಎ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡು ಟೇಬಲ್ ಮೇಲೆ ಹರವ್ಕೊಂಡು, ಆ ಸ್ಕೇಲನ್ನ ಸಾಲಿಂದ ಸಾಲಿಗೆ ಜರುಗಿಸ್ತಾ, ಬೆಳಿಗ್ಗೆ ಮಕ್ಕಳು ಫೋನ್ ತೋರಿಸಿ ಹೇಳಿದ 12 ಅಂಕಿಯ ಯುಪಿಐ ನಂಬರನ್ನ ಹುಡುಕ್ತಾರೆ. ಸಿಕ್ಕಿದ್ರೆ ಕೆಂಪು ಪೆನ್ನಲ್ಲಿ ಟಿಕ್ಕು, ಸಿಗದಿದ್ರೆ ಚಲನ್ ಹಿಂದೆ ಪೆನ್ಸಿಲ್ಲಲ್ಲಿ "ನಾಳೆ ನೋಡುವುದು" ಅಂತ ಶರಾ. ಒಂದ್ಸಲ ಅರಕಲಗೂಡು ಕಡೆಯ ಒಬ್ರು ತಂದೆ ಮೂರು ದಿನ ಬಸ್ ಹತ್ಕೊಂಡು ಬಂದ್ರು, "ದುಡ್ ಕಟ್ಟಾಗೈತೆ ಸಾ, ಮೆಸೇಜೂ ಬಂದೈತೆ, ರಸೀದಿ ಕೇಳಿದ್ರೆ ಇಲ್ಲ ಅಂತೀರಲ್ಲ" ಅಂತ. ಮೂರನೇ ದಿನ ಗೊತ್ತಾಯ್ತು, ನಂಬರ್ ಬರ್ಕೊಳ್ಳೋವಾಗ ಆರನ್ನ ಸೊನ್ನೆ ಅಂತ ಬರೆದಿದ್ದು ನಾವೇ.

ತಮಾಷೆ ಏನಪ್ಪಾ ಅಂದ್ರೆ ಈ ಕೆಲ್ಸ ಮಾಡೋ ಸಾಫ್ಟ್‌ವೇರ್ ನಮ್ಮತ್ರ ಇದೆ. ದುಡ್ಡು ಕೊಟ್ಟು ತಗೊಂಡಿದೀವಿ, ಪೂಜೆ ಮಾಡಿ ಉದ್ಘಾಟನೆನೂ ಆಗಿದೆ, ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾನೇ ತಾಳೆ ಹಾಕೋ ವ್ಯವಸ್ಥೆ ಅದರೊಳಗೇ ಇದೆ. ಆದ್ರೆ ಅದು ಚಾಲೂ ಆಗ್ಬೇಕಂದ್ರೆ ಬ್ಯಾಂಕಿಗೆ ಒಂದು ಒಪ್ಪಿಗೆ ಪತ್ರ ಕೊಡ್ಬೇಕು, ಅದಕ್ಕೆ ಪ್ರಿನ್ಸಿಪಾಲ್ರದ್ದೂ ಆಡಳಿತ ಮಂಡಳಿ ಕಾರ್ಯದರ್ಶಿಗಳದ್ದೂ ಸಹಿ ಬೇಕು, ಪತ್ರ ಟೈಪಾಯ್ತು, ಕಡತದಲ್ಲಿ ಕೂತ್ಕೊಂಡ್ತು, ಪ್ರಿನ್ಸಿಪಾಲ್ರು ರಿಟೈರ್ ಆದ್ರು, ಹೊಸಬರಿಗೆ ಆ ಕಡತ ಇದೆ ಅಂತಾನೇ ಗೊತ್ತಿಲ್ಲ. ಎರಡು ವರ್ಷ ಹಂಗೇ ಹೋಯ್ತು. ಆ ಎರಡು ವರ್ಷವೂ ಎಲ್ಲರ ಬಾಯಲ್ಲೂ ಒಂದೇ ಮಾತು, "ಸಾಫ್ಟ್‌ವೇರ್ ಸರಿ ಇಲ್ಲ".

ಸಾಫ್ಟ್‌ವೇರ್ ಸರಿ ಇತ್ತು ಕಣ್ರೀ. ನಾನು ಕಾಮರ್ಸ್ ಮೇಷ್ಟ್ರು, ಕಂಪ್ಯೂಟರ್ ಓದಿದವನಲ್ಲ, ಆದ್ರೂ ನಾಲ್ಕು ವರ್ಷದಿಂದ ಹಾಸನದ ಒಂದು ಅನುದಾನಿತ ಡಿಗ್ರಿ ಕಾಲೇಜಲ್ಲಿ ಐಟಿ ಇನ್‌ಚಾರ್ಜ್ ಅನ್ನೋ ಪಟ್ಟ ಹೊತ್ಕೊಂಡು ಓಡಾಡಿದ್ಮೇಲೆ ನನಗೆ ಅರ್ಥ ಆಗಿದ್ದು ಇಷ್ಟು: ಕಾಲೇಜುಗಳಲ್ಲಿ ಐಟಿ ಪ್ರಾಜೆಕ್ಟ್ ಅಂದ್ರೆ ಹೊಸದನ್ನ ತರೋದು ಅನ್ಕೊಂಡಿದಾರೆ, ಅದು ತಪ್ಪು. ಪ್ರಾಜೆಕ್ಟ್ ಮುಗಿಯೋದು ಹಳೇ ರಿಜಿಸ್ಟರ್ ಮುಚ್ಚಿದ ದಿನ. ಅದನ್ನ ಮುಚ್ಚೋ ಅಧಿಕಾರ ಯಾರಿಗಿದೆ ಅಂತ ಮೊದಲೇ ತೀರ್ಮಾನ ಆಗಿಲ್ಲ ಅಂದ್ರೆ ಲಕ್ಷ ಕೊಟ್ರೂ ಕೋಟಿ ಕೊಟ್ರೂ ಅದು ಎರಡನೇ ರಿಜಿಸ್ಟರ್ ಆಗತ್ತೆ ಅಷ್ಟೆ.

ನಮ್ಮಲ್ಲಿ ಆಗಿದ್ದೂ ಅದೇ. ಫೀ ಸಾಫ್ಟ್‌ವೇರ್ ಬಂದ್ಮೇಲೂ "ಸೇಫ್ಟಿಗೆ ಇರ್ಲಿ" ಅಂತ ಕೈಬರಹದ ರಸೀದಿ ಪುಸ್ತಕ ಮುಂದುವರೀತು, ಒಂದೇ ಫೀ ಎರಡು ಕಡೆ ಎಂಟ್ರಿ. ವರ್ಷದ ಕೊನೇಲಿ ಕೂಡಿ ನೋಡಿದ್ರೆ ಎರಡಕ್ಕೂ 3,460 ರೂಪಾಯಿ ವ್ಯತ್ಯಾಸ. ಈಗ ಯಾವುದನ್ನ ನಂಬ್ತೀರಾ? ಸಹಿ ಇರೋದನ್ನ. ಪುಸ್ತಕದಲ್ಲಿ ಸಹಿ ಇದೆ, ಸಾಫ್ಟ್‌ವೇರ್‌ನಲ್ಲಿ ಇಲ್ಲ, ಹಂಗಾಗಿ ಪುಸ್ತಕ ಗೆಲ್ತು, ಮುಂದಿನ ವರ್ಷ ಸಾಫ್ಟ್‌ವೇರ್ ಎಂಟ್ರಿ ಬಿಡುವಿದ್ದಾಗ ಮಾಡೋ ಕೆಲಸ ಆಯ್ತು, ಅದರ ಮುಂದಿನ ವರ್ಷ ಯಾರೋ ಗೆಸ್ಟ್ ಲೆಕ್ಚರರ್ ಕೈಲಿ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರೋ ಹಿಂದಿನ ವಾರ ಎಲ್ಲಾ ಒಟ್ಟಿಗೆ ತುಂಬಿಸಿದ್ರು.

ಈ ಜಂಜಾಟ ಮುಂಚೆ ಇಷ್ಟಿರ್ಲಿಲ್ಲ, ಯಾಕಂದ್ರೆ ಮುಂಚೆ ಕಾಲೇಜು ತನ್ನ ಪಾಡಿಗೆ ತಾನು ಬರ್ಕೊಂಡಿರ್ತಿತ್ತು. ಈಗ ಮೇಲಿಂದ ಬರೋ ಪೋರ್ಟಲ್‌ಗಳೇ ಒಂದು ಡಜನ್ ಹತ್ರ ಇವೆ. 2010-11ರಿಂದ ದೇಶದ ಉನ್ನತ ಶಿಕ್ಷಣದ ಲೆಕ್ಕ ತಗೊಳ್ಳೋ ಐಶೆ ಸರ್ವೆ, ನ್ಯಾಕ್‌ಗೆ ಪ್ರತೀ ವರ್ಷ ಎಕ್ಯೂಎಆರ್ ಅನ್ನೋ ಗುಣಮಟ್ಟದ ವರದಿ, ಸ್ಕಾಲರ್‌ಶಿಪ್ಪಿಗೆ ರಾಜ್ಯದ ಎಸ್‌ಎಸ್‌ಪಿ ಒಂದು ಕೇಂದ್ರದ ಎನ್‌ಎಸ್‌ಪಿ ಒಂದು, 2021-22ರಿಂದ ಅಡ್ಮಿಷನ್ನು ಪರೀಕ್ಷೆ ಅಂಕ ಎಲ್ಲಕ್ಕೂ ಯುಯುಸಿಎಂಎಸ್ ಅನ್ನೋ ರಾಜ್ಯದ ಪೋರ್ಟಲ್ಲು, ಅದೇ 2021ರಲ್ಲಿ ಶುರುವಾದ, ಮಕ್ಕಳು ಗಳಿಸಿದ ಕ್ರೆಡಿಟ್ ಜಮಾ ಇಡೋ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅದಕ್ಕೆ ಡಿಜಿಲಾಕರು, ಈಗ ಪ್ರತೀ ವಿದ್ಯಾರ್ಥಿಗೂ ಒಂದು ನಂಬರ್ ಕೊಡೋ ಅಪಾರ್ ಐಡಿ. ಇವು ಯಾವುದೂ ಬೇಡ ಅನ್ನೋ ಹಕ್ಕು ನಮಗಿಲ್ಲ. ಇದರ ಜೊತೆ ಕಾಲೇಜಿನ ಸ್ವಂತ ಸಾಫ್ಟ್‌ವೇರು, ಲೈಬ್ರರಿದು ಬೇರೆ, ಹಾಜರಾತಿದು ಬೇರೆ. ಒಬ್ಬ ಹುಡುಗಿ ಹೆಸರನ್ನ ನಮ್ಮ ಆಫೀಸಲ್ಲಿ ಒಂದು ವರ್ಷಕ್ಕೆ ಎಷ್ಟು ಸಲ ಟೈಪ್ ಮಾಡ್ತೀವಿ ಅಂತ ಒಂದಿನ ಕೂತು ಎಣಿಸಿದೆ, ಒಂಬತ್ತು ಸಲ, ಬೇರೆ ಬೇರೆ ನಾಲ್ಕು ಜನ.

ಹೆಸರು ಅಂದಾಗ ನೆನಪಾಯ್ತು, ನಮ್ಮ ಕಡೆ ಹೆಸರಿನ ಕತೆನೇ ಒಂದು ಪುರಾಣ. ಹತ್ತನೇ ಕ್ಲಾಸ್ ಅಂಕಪಟ್ಟೀಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಒಂದು ಊರಿಂದು ಒಂದು ಅಪ್ಪಂದು. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಇಲ್ಲಾಂದ್ರೆ ಅಪ್ಪನ ಪೂರ್ತಿ ಹೆಸರು. ಜಾತಿ ಸರ್ಟಿಫಿಕೇಟ್‌ನಲ್ಲಿ ನಾಡಕಚೇರಿಯವರು ಕನ್ನಡದಲ್ಲಿ ಟೈಪ್ ಮಾಡಿದ್ದು ಇನ್ನೊಂಥರ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ಸ್ಪೆಲ್ಲಿಂಗಲ್ಲಿ ಒಂದು ಎಚ್ ಜಾಸ್ತಿ. ಮನುಷ್ಯರಿಗೆ ಇದೆಲ್ಲ ಒಂದೇ ಹುಡುಗಿ, ಕಂಪ್ಯೂಟರ್‌ಗೆ ನಾಲ್ಕು ಹುಡುಗೀರು. ಸ್ಕಾಲರ್‌ಶಿಪ್ ದುಡ್ಡು ಆಧಾರ್ ಜೋಡಣೆಯಾದ ಖಾತೆಗೇ ಹೋಗೋದ್ರಿಂದ ಎಲ್ಲೋ ಒಂದ್ಕಡೆ ಸಿಕ್ಕಾಕ್ಕೊಂಡ್ರೆ ಆ ಮಗು ಸೈಬರ್ ಸೆಂಟರ್, ಬ್ಯಾಂಕು, ನಾಡಕಚೇರಿ ಅಂತ ತಿಂಗಳುಗಟ್ಲೆ ಸುತ್ತತ್ತೆ. ಸಾಫ್ಟ್‌ವೇರ್ ತಗೊಳ್ಳೋಕೆ ಮುಂಚೆ ಈ ಹೆಸರುಗಳನ್ನ ಸರಿ ಮಾಡೋದೇ ದೊಡ್ಡ ಕೆಲ್ಸ, ಆದ್ರೆ ಅದಕ್ಕೆ ಯಾವ ಕೊಟೇಷನ್‌ನಲ್ಲೂ ಒಂದು ಸಾಲಿರಲ್ಲ. ಕಂಪನಿಯವನು ಬಂದು "ನಿಮ್ಮ ಡೇಟಾ ಎಕ್ಸೆಲ್‌ನಲ್ಲಿ ಕೊಡಿ ಸಾರ್, ಎರಡು ದಿನದಲ್ಲಿ ಅಪ್‌ಲೋಡ್" ಅಂತಾನೆ, ನಾವು "ಫೈನಲ್ ಲಿಸ್ಟ್ ನ್ಯೂ 2 ಕರೆಕ್ಟೆಡ್" ಅಂತ ಹೆಸರಿರೋ ಫೈಲ್ ಕೊಡ್ತೀವಿ, ಅಲ್ಲಿಗೆ ಆ ಪ್ರಾಜೆಕ್ಟಿನ ಹಣೆಬರಹ ಬರೆದಂಗೆ. ನನ್ನ ಅನುಭವದಲ್ಲಿ ಅಡ್ಮಿಷನ್ ದಿನಾನೇ, ಮಗೂನ ಎದುರಿಗೆ ಕೂರಿಸ್ಕೊಂಡು, ಹತ್ತನೇ ಕ್ಲಾಸಿನ ಅಂಕಪಟ್ಟಿ ಆಧಾರ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಇದ್ರೆ ಆಗ್ಲೇ ಒಂದು ಚೀಟಿ ಬರೆದು ಕೊಡೋದು, ಈ ಐದು ನಿಮಿಷದ ಕೆಲ್ಸ ಯಾವ ಸಾಫ್ಟ್‌ವೇರಿಗಿಂತ್ಲೂ ಹೆಚ್ಚು ಉಪಯೋಗ ಆಗಿದೆ.

ಹಾಸನದಲ್ಲಿರೋರಿಗೆ ಇನ್ನೊಂದು ತಲೆನೋವು. ನಾವೆಲ್ಲ ಮೈಸೂರು ವಿವಿ ಕೆಳಗಿದ್ದೋರು, 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಬೇರೆಯಾಗಿ ಶುರುವಾಯ್ತು, ಹೊಸ ಹೆಸರು ಹೊಸ ಕೋಡು, ಆದ್ರೆ ಹಿಂದಿನ ಬ್ಯಾಚಿನೋರ ಅಂಕಪಟ್ಟಿ ಕೆಲ್ಸಕ್ಕೆ ಮೈಸೂರಿಗೇ ಓಡ್ಬೇಕು. ಅದು ಒಂದು ಹದಕ್ಕೆ ಬರ್ತಿದೆ ಅನ್ನೋವಾಗ 2025ರ ಫೆಬ್ರವರಿಲಿ ಸಂಪುಟ ಉಪಸಮಿತಿ ಒಂಬತ್ತು ವಿವಿಗಳನ್ನ ಮುಚ್ಚೋ ಮಾತಾಡ್ತು, ಆ ಪಟ್ಟೀಲಿ ಹಾಸನವೂ ಇತ್ತು. ಪಠ್ಯಕ್ರಮದ್ದೂ ಅದೇ ಪಾಡು, 2021-22ರಲ್ಲಿ ನಾಲ್ಕು ವರ್ಷದ ಡಿಗ್ರಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿ. ಆ ವರ್ಷ ಒಂದೇ ಕಾರಿಡಾರ್‌ನಲ್ಲಿ ಫಸ್ಟ್ ಇಯರ್‌ಗೆ ಒಂದು ಪದ್ಧತಿ, ಸೆಕೆಂಡ್ ಇಯರ್ ಥರ್ಡ್ ಇಯರ್‌ಗೆ ಇನ್ನೊಂದು, ಬ್ಯಾಕ್‌ಲಾಗ್ ಇದ್ದ ಹಳೇ ಹುಡುಗರಿಗೆ ಎನ್‌ಇಪಿಗಿಂತ ಮುಂಚಿನ ಮತ್ತೊಂದು ಇತ್ತು. ಪ್ರತೀ ಬದಲಾವಣೆಗೂ ಸಾಫ್ಟ್‌ವೇರ್ ಕಂಪನಿಯವನು "ಇದು ಒರಿಜಿನಲ್ ಸ್ಕೋಪ್‌ನಲ್ಲಿ ಇರ್ಲಿಲ್ಲ ಸಾರ್, ಎಕ್ಸ್‌ಟ್ರಾ ಆಗತ್ತೆ" ಅಂತಾನೆ, ಅವನದ್ದೂ ತಪ್ಪಿಲ್ಲ. ನಮ್ಮ ಕಾಲೇಜಿನ ಸಾಫ್ಟ್‌ವೇರ್‌ನಲ್ಲಿ ಪರೀಕ್ಷೆ ವಿಭಾಗ ಇರ್ಲೇಬಾರ್ದು ಅಂತ ನಾನು ಹೇಳೋದು ಇದಕ್ಕೇ. ಸರ್ಕಾರದ ಪೋರ್ಟಲ್ ಹೆಂಗೂ ಮಾಡ್ತಿರೋ ಕೆಲಸಾನ ನಾವು ಇನ್ನೊಂದ್ಸಲ ದುಡ್ಡು ಕೊಟ್ಟು ಯಾಕೆ ಮಾಡಿಸ್ಬೇಕು? ನಮ್ಮದೇ ಆದ ಕೆಲಸ ಫೀ, ಹಾಜರಾತಿ, ಟಿಸಿ, ರಜೆ, ಸಾಮಾನು ಖರೀದಿ, ಇಷ್ಟೇ. ಇಷ್ಟನ್ನ ಸರಿಯಾಗಿ ಮಾಡಿದ್ರೆ ಸಾಕು.

ಈಗ ಯಾರು ಮಾಡ್ಬೇಕು ಅನ್ನೋ ವಿಷ್ಯಕ್ಕೆ ಬರ್ತೀನಿ. ನಮ್ಮಲ್ಲಿ ಪದ್ಧತಿ ಏನಂದ್ರೆ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು ಇದ್ರೆ ಅವರ ತಲೆಗೆ, ಇಲ್ಲಾಂದ್ರೆ ವಯಸ್ಸಲ್ಲಿ ಚಿಕ್ಕೋರು ಯಾರಿದಾರೋ ಅವರ ತಲೆಗೆ ಕಟ್ಟೋದು, "ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರತ್ತಲ್ಲ ಸಾರ್" ಅಂತ. ಪ್ರತೀ ಪೋರ್ಟಲ್‌ಗೊಬ್ಬ ನೋಡಲ್ ಆಫೀಸರ್, ಅವನಿಗೆ ಆದೇಶದ ಕಾಪಿ ಸಿಗತ್ತೆ, ಅಧಿಕಾರ ಸಿಗಲ್ಲ. ನಾನು ಆಫೀಸಿಗೆ ಹೋಗಿ ಎಫ್‌ಡಿಎಗೆ "ನಾಳೆಯಿಂದ ಈ ಪುಸ್ತಕ ಬರೀಬೇಡಿ" ಅಂತ ಹೇಳೋಕಾಗತ್ತಾ? ಹೇಳಿದ್ರೂ ಕೇಳ್ತಾರಾ? ಕೇಳಬಾರದು ಕೂಡ. ನಮ್ಮ ಸೂಪರಿಂಟೆಂಡೆಂಟ್ ಮೇಡಂ ಒಂದಿನ ನನ್ನ ಮುಖಕ್ಕೇ ಹೇಳಿದ್ರು, "ನಾಳೆ ಆಡಿಟ್‌ನಲ್ಲಿ ಆಕ್ಷೇಪಣೆ ಪ್ಯಾರಾ ಬಿದ್ರೆ ಉತ್ತರ ಬರೆಯೋದು ನೀವೂ ಅಲ್ಲ, ಆ ಕಂಪನಿ ಹುಡುಗನೂ ಅಲ್ಲ ಸಾರ್, ನಾನು. ನನ್ನ ಪೆನ್ಷನ್ ಕಾಗದ ಅದರ ಕೆಳಗೆ ಸಿಕ್ಕಾಕ್ಕೊಳತ್ತೆ." ಅವತ್ತು ನನಗೆ ಸಿಟ್ಟು ಬಂದಿತ್ತು, ಹಳೇ ಕಾಲದೋರು ಬದಲಾಗಲ್ಲ ಅಂತ ಸ್ಟಾಫ್ ರೂಮಲ್ಲಿ ಕೂತು ಬೈದೆ. ಈಗ ಅನ್ಸತ್ತೆ, ಇಡೀ ಪ್ರಾಜೆಕ್ಟಲ್ಲಿ ಸರಿಯಾದ ಪ್ರಶ್ನೆ ಎತ್ತಿದ್ದು ಅವರೊಬ್ಬರೇ. ಉತ್ತರ ಕೊಡೋ ಜವಾಬ್ದಾರಿ ಯಾರ ಮೇಲಿದೆಯೋ ಅವರೇ ಪ್ರಾಜೆಕ್ಟಿನ ಯಜಮಾನರಾಗ್ಬೇಕು. ಫೀದಕ್ಕೆ ಸೂಪರಿಂಟೆಂಡೆಂಟು, ಹಾಜರಾತಿಗೆ ವೈಸ್ ಪ್ರಿನ್ಸಿಪಾಲು, ಲೈಬ್ರರಿಗೆ ಲೈಬ್ರರಿಯನ್ನು. ಕಂಪ್ಯೂಟರ್ ಬರೋನು ಅವರ ಪಕ್ಕ ನಿಲ್ಲಲಿ, ಅಷ್ಟೇ ಅವನ ಕೆಲ್ಸ.

ಯಜಮಾನರಿಲ್ಲದಿದ್ರೆ ಏನಾಗತ್ತೆ ಅನ್ನೋದಕ್ಕೆ ಒಂದು ಸಣ್ಣ ಪ್ರಸಂಗ. ಒಂದು ಪೋರ್ಟಲ್ ಓಪನ್ ಮಾಡೋಕೆ ಓಟಿಪಿ ಬೇಕು, ಓಟಿಪಿ ಹೋಗೋದು ರಿಟೈರ್ ಆದ ಪ್ರಿನ್ಸಿಪಾಲ್ರ ಮೊಬೈಲಿಗೆ, ನಂಬರ್ ಬದಲಾಯಿಸೋಕೂ ಅದೇ ಓಟಿಪಿ ಬೇಕು. ಅವರು ಸಕಲೇಶಪುರದ ಕಡೆ ತೋಟದ ಮನೇಲಿ, ಮಳೆಗಾಲ, ಕರೆಂಟೂ ಇಲ್ಲ ಸಿಗ್ನಲ್ಲೂ ಇಲ್ಲ. ಸ್ಕಾಲರ್‌ಶಿಪ್ ಕೊನೇ ದಿನಾಂಕ ಎರಡು ದಿನ ಇದೆ. ನಮ್ಮ ಅಟೆಂಡರ್ ಬೈಕ್ ತಗೊಂಡು ಹೋಗಿ ಸಾರ್‌ನ ಗುಡ್ಡದ ಮೇಲಕ್ಕೆ ಕರ್ಕೊಂಡು ಹೋಗಿ, ಎರಡು ಕಡ್ಡಿ ಸಿಗ್ನಲ್ ಬಂದ್ಮೇಲೆ ಫೋನ್ ಮಾಡಿ "ಈಗ ಕಳ್ಸಿ ಸಾರ್" ಅಂದ. ಓಟಿಪಿ ಬಂತು, ಅವನು ಓದಿ ಹೇಳೋಷ್ಟರಲ್ಲಿ ಟೈಮ್‌ಔಟ್. ಮೂರನೇ ಸಲಕ್ಕೆ ಆಯ್ತು. ಇದನ್ನ ಹೇಳಿ ಎಲ್ಲರೂ ನಗ್ತೀವಿ, ಆದ್ರೆ ಅವತ್ತು ತಡವಾಗಿದ್ರೆ ಎಷ್ಟೋ ಮಕ್ಕಳ ವರ್ಷದ ಸ್ಕಾಲರ್‌ಶಿಪ್ ಹೋಗಿರೋದು. ಚಾರ್ಜ್ ಕೊಡೋವಾಗ ಬೀರು ಕೀ, ಸೀಲು, ಕ್ಯಾಶ್‌ಬುಕ್ ಎಲ್ಲ ಪಟ್ಟಿ ಮಾಡಿ ಸಹಿ ತಗೋತೀವಿ, ಪಾಸ್‌ವರ್ಡು ಮತ್ತೆ ರಿಜಿಸ್ಟರ್ಡ್ ಮೊಬೈಲ್ ನಂಬರ್ ಆ ಪಟ್ಟೀಲಿರಲ್ಲ. ಸೇರಿಸೋದಕ್ಕೆ ಖರ್ಚೇನೂ ಇಲ್ಲ, ಕಾಲೇಜಿನ ಹೆಸರಲ್ಲಿ ಒಂದು ಸಿಮ್ಮು, ಅದು ಆಫೀಸ್ ಬೀರುವಿನಲ್ಲಿರೋ ಒಂದು ಸಾದಾ ಫೋನಲ್ಲಿ, ಮುಗೀತು.

ಸಾಲಗಾಮೆ ರಸ್ತೇಲಿ ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ ಆಕಾಶದಲ್ಲಿರೋ ಉಪಗ್ರಹಗಳನ್ನ ಇಲ್ಲಿಂದ್ಲೇ ನೋಡ್ಕೊಳ್ತಿದೆ, ಅದೇ ಊರಲ್ಲಿ ನಾವು ಸ್ಕೇಲಿಟ್ಕೊಂಡು ಯುಪಿಐ ಹುಡುಕ್ತೀವಿ ಅಂತ ಸ್ಟಾಫ್ ರೂಮಲ್ಲಿ ಜೋಕ್ ಇದೆ. ಇರ್ಲಿ.

ಕಳೆದ ಬೇಸಿಗೆ ರಜೇಲಿ ನಾನೊಂದು ಕೆಲ್ಸ ಮಾಡಿದೆ. ಒಂದು ದೊಡ್ಡ ಹಾಳೆ ತಗೊಂಡು ಕಾಲೇಜಲ್ಲಿ ಶುರುವಾಗಿ ಮುಗೀದೇ ಇರೋ ಐಟಿ ಕೆಲಸಗಳನ್ನೆಲ್ಲ ಬರೆದೆ, ಪ್ರತಿಯೊಂದರ ಮುಂದೆ ನಾಲ್ಕೇ ಕಾಲಂ: ಯಜಮಾನರು ಯಾರು, ಈಗ ಯಾರ ಟೇಬಲ್ ಮೇಲೆ ನಿಂತಿದೆ, ಯಾವ ತಾರೀಕಿಗೆ ಮುಗೀಬೇಕು, ಮುಗಿದ್ರೆ ಯಾವ ಪುಸ್ತಕ ಮುಚ್ಚತ್ತೆ. ಹದಿನಾಲ್ಕು ಕೆಲ್ಸ ಬಂತು. ನಾನು ಐದಾರು ಇರಬಹುದು ಅನ್ಕೊಂಡಿದ್ದೆ, ಪ್ರಿನ್ಸಿಪಾಲ್ರು ಮೂರು ಅನ್ಕೊಂಡಿದ್ರು. ಹದಿನಾಲ್ಕರಲ್ಲಿ ನಾಲ್ಕನೇ ಕಾಲಂ ತುಂಬೋಕಾಗಿದ್ದು ಬರೀ ಐದಕ್ಕೆ, ಮಿಕ್ಕ ಒಂಬತ್ತು ಬಂದ್ರೂ ಆಫೀಸಲ್ಲಿ ಒಂದು ಗೆರೆ ಬರಹವೂ ಕಮ್ಮಿಯಾಗಲ್ಲ. ಬಯೋಮೆಟ್ರಿಕ್ ಮಿಷನ್ನಿದ್ರೂ ಹಾಜರಿ ಪುಸ್ತಕ ಇರತ್ತೆ, ಲೈಬ್ರರಿ ಬಾರ್‌ಕೋಡ್ ಇದ್ರೂ ಅಕ್ಸೆಷನ್ ರಿಜಿಸ್ಟರ್ ಇರತ್ತೆ. ಇಂಥವನ್ನ ನಿಲ್ಸೋದು ತಪ್ಪಲ್ಲ ಅಂತ ಹೇಳೋಕೇ ಒಂದು ವಾರ ಹಿಡೀತು, ಯಾಕಂದ್ರೆ ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬರ ಮುತುವರ್ಜಿ ಇದೆ, ನ್ಯಾಕ್ ಅಂಕದ ಆಸೆ ಇದೆ.

ಮುಚ್ಚೋದು ಅಂದ ತಕ್ಷಣ ಎಲ್ಲಾ ಪುಸ್ತಕಾನೂ ಗುಜರಿಗೆ ಹಾಕಿ ಅಂತಲ್ಲ. ಅಡ್ಮಿಷನ್ ರಿಜಿಸ್ಟರ್ ಶಾಶ್ವತ ದಾಖಲೆ, ಐವತ್ತು ವರ್ಷ ಆದ್ಮೇಲೂ ಯಾರೋ ಮೊಮ್ಮಗ ಬಂದು ತಾತನ ಜನ್ಮದಿನಾಂಕ ಕೇಳ್ತಾನೆ, ಅದನ್ನ ಮುಟ್ಟಬಾರ್ದು. ಕ್ಯಾಶ್‌ಬುಕ್ ಆಡಿಟ್‌ಗೆ ಬೇಕು, ಆದ್ರೆ ಅದು ಕೈಬರಹದಲ್ಲೇ ಇರ್ಬೇಕು ಅಂತೇನಿಲ್ಲ, ಸಾಫ್ಟ್‌ವೇರಿಂದ ದಿನಾ ಪ್ರಿಂಟ್ ತೆಗೆದು, ಪುಟಕ್ಕೆ ನಂಬರ್ ಹಾಕಿ, ಸಹಿ ಮಾಡಿ, ಬೈಂಡ್ ಮಾಡಿಸಿದ್ರೆ ಒಪ್ಕೋತಾರಾ ಅಂತ ಮುಂಚೇನೇ ಆಡಿಟ್‌ನೋರ ಹತ್ರ ಲಿಖಿತದಲ್ಲಿ ಕೇಳ್ಕೊಬೇಕು. ಕೇಳೋಕೆ ಯಾರೂ ಹೋಗಲ್ಲ, ಹೋಗದೆ "ಆಡಿಟ್‌ನೋರು ಒಪ್ಪಲ್ಲ" ಅಂತ ನಾವೇ ತೀರ್ಪು ಕೊಟ್ಕೋತೀವಿ. ರಸೀದಿ ಪುಸ್ತಕ, ದಿನವಹಿ, ಬರ್ಬೇಕಾದ್ದು ಬಂದದ್ದು ಬಾಕಿ ತೋರಿಸೋ ಡಿಸಿಬಿ, ಇವು ಒಂದೇ ಲೆಕ್ಕದ ಮೂರು ಅವತಾರ, ಇವನ್ನ ಮುಚ್ಚಬಹುದು.

ಯಾವಾಗ ಅನ್ನೋದೂ ಮುಖ್ಯ. ನಮ್ಮಲ್ಲಿ ಹೊಸ ಸಾಫ್ಟ್‌ವೇರ್ ಯಾವಾಗ್ಲೂ ಅಡ್ಮಿಷನ್ ಮಧ್ಯೆಯೇ ಬರೋದು, ಯಾಕಂದ್ರೆ ಆಗ್ಲೇ ಅದರ ನೆನಪಾಗೋದು. ಕೌಂಟರ್ ಮುಂದೆ ನೂರು ಜನ ಕ್ಯೂ ನಿಂತಿರೋವಾಗ ಒಳಗೆ ಟ್ರೈನಿಂಗ್. ಇದರ ದೊಡ್ಡ ಅವತಾರ ನೋಡ್ಬೇಕಂದ್ರೆ 2017ರ ಮುಂಬೈ ವಿಶ್ವವಿದ್ಯಾಲಯ. ಪರೀಕ್ಷೆಗಳು ನಡೀತಿರೋ ಹೊತ್ತಲ್ಲೇ ಉತ್ತರ ಪತ್ರಿಕೆಗಳನ್ನ ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆ ಮೇಲೆ ಮೌಲ್ಯಮಾಪನ ಮಾಡಿಸ್ತೀವಿ ಅಂತ ಹೊರಟ್ರು, 17 ಲಕ್ಷಕ್ಕೂ ಹೆಚ್ಚು ಪತ್ರಿಕೆ, ಸ್ಕ್ಯಾನ್ ಆಗಿದ್ದು ಕಲಸುಮೇಲೋಗರ. ರಾಜ್ಯಪಾಲರು ಜುಲೈ 31ರ ಗಡುವು ಕೊಟ್ರು, ಅದೂ ದಾಟ್ತು, ಫಲಿತಾಂಶ ಸೆಪ್ಟೆಂಬರ್‌ವರೆಗೆ ಎಳೀತು, ಕೊನೆಗೆ ಅಕ್ಟೋಬರಲ್ಲಿ ಕುಲಪತಿಗಳನ್ನೇ ತೆಗೆದ್ರು. ಪರದೆ ಮೇಲೆ ಮೌಲ್ಯಮಾಪನ ಮಾಡೋ ವಿಧಾನ ಕೆಟ್ಟದ್ದೇನಲ್ಲ, ಒಂದು ಸಣ್ಣ ಕೋರ್ಸಲ್ಲಿ ಒಂದು ಸೆಮಿಸ್ಟರ್ ಮಾಡಿ ನೋಡಿದ್ರೆ ಆ ಗಲಾಟೆ ಅಲ್ಲೇ ಸಣ್ಣದಾಗಿ ಗೊತ್ತಾಗಿರೋದು.

ಹಂಗಾಗಿ ನಾನು ಹೇಳೋದು, ಅಡ್ಮಿಷನ್, ಪರೀಕ್ಷೆ, ಸ್ಕಾಲರ್‌ಶಿಪ್ ಕೊನೇ ದಿನಾಂಕ, ಈ ಮೂರನ್ನ ಕ್ಯಾಲೆಂಡರ್‌ನಲ್ಲಿ ಕೆಂಪು ಮಾಡಿ, ಆ ದಿನಗಳಲ್ಲಿ ಹೊಸದೇನೂ ಶುರು ಮಾಡ್ಬೇಡಿ. ಹಾಸನಾಂಬ ಬಾಗಿಲು ತೆಗೆಯೋ ದಿನಗಳೂ ಸೇರಿಸ್ಕೊಳ್ಳಿ, ಆಗ ಬಸ್ಸಿಲ್ಲ ರಸ್ತೆ ಇಲ್ಲ, ಅರ್ಧ ಸ್ಟಾಫ್ ಮನೇಲಿ ನೆಂಟರು. ಮಿಕ್ಕಿದ್ರಲ್ಲಿ ಶುರು ಮಾಡಿ, ಮೊದಲು ಒಂದೇ ವಿಭಾಗ, ಬಿಬಿಎ ಫೀ ಮಾತ್ರ ಅನ್ನಿ, ಎರಡೂ ಕಡೆ ಬರೀರಿ ಪರ್ವಾಗಿಲ್ಲ, ಆದ್ರೆ ಎರಡೂ ಕಡೆ ಬರಿಯೋದಕ್ಕೆ ಕೊನೇ ತಾರೀಕು ಆದೇಶದಲ್ಲೇ ಇರ್ಲಿ. ತಾರೀಕಿಲ್ಲದ "ಸದ್ಯಕ್ಕೆ" ಅನ್ನೋದು ನಮ್ಮ ಆಫೀಸಲ್ಲಿ ಎರಡು ವರ್ಷ ಬಾಳಿದೆ.

ಕಂಪನಿ ಜೊತೆ ಒಪ್ಪಂದದ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಕಮ್ಮಿ ರೇಟಿಗೆ ಕೊಟ್ಟೋರಿಗೆ ಆರ್ಡರ್ ಅನ್ನೋ ಪದ್ಧತೀಲಿ ಮೊದಲನೇ ವರ್ಷದ ರೇಟಷ್ಟೇ ನೋಡ್ತೀವಿ, ಎರಡನೇ ವರ್ಷದ ಎಎಂಸಿ (ವರ್ಷದ ನಿರ್ವಹಣೆ ಶುಲ್ಕ) ಎಷ್ಟು, ಬಿಟ್ಟು ಹೋಗ್ಬೇಕಂದ್ರೆ ನಮ್ಮ ಡೇಟಾ ಪೂರ್ತಿ ಎಕ್ಸೆಲ್‌ನಲ್ಲಿ ವಾಪಸ್ ಕೊಡ್ತಾರಾ, ಕಾಲೇಜಿನ ವೆಬ್‌ಸೈಟ್ ಹೆಸರು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ, ಇದನ್ನ ಕೇಳಲ್ಲ. ಡೇಟಾ ವಾಪಸ್ ಬರತ್ತೋ ಇಲ್ವೋ ಅಂತ ಒಪ್ಪಂದ ಮುಗಿಯೋವಾಗ ಅಲ್ಲ, ಮೊದಲನೇ ತಿಂಗಳಲ್ಲೇ ಒಂದ್ಸಲ ಇಳಿಸಿ ನೋಡ್ಬೇಕು. ಮಕ್ಕಳ ಆಧಾರ್ ಕಾಪಿಗಳು ವಾಟ್ಸಪ್ ಗ್ರೂಪಲ್ಲಿ ಓಡಾಡೋದಂತೂ ನಿಲ್ಲಲೇಬೇಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, 18 ತುಂಬದೋರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಅನ್ನತ್ತೆ, ದಂಡದ ಮಿತಿ 250 ಕೋಟಿವರೆಗೆ ಇದೆ. ನಮ್ಮ ಫಸ್ಟ್ ಇಯರ್ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಡ್ಮಿಷನ್ ದಿನ ಇನ್ನೂ ಹದಿನೇಳು.

"ಜನ ಇಲ್ಲ ಸಾರ್, ಖಾಲಿ ಹುದ್ದೆ ತುಂಬಿಲ್ಲ, ಇರೋ ಇಬ್ರಲ್ಲಿ ಏನ್ ಮಾಡೋದು" ಅನ್ನೋ ಮಾತು ನಿಜ, ಅದನ್ನ ನಾನು ತಳ್ಳಿಹಾಕಲ್ಲ. ಆದ್ರೆ ಜನ ಕಮ್ಮಿ ಇರೋದ್ರಿಂದ್ಲೇ ಒಂದೇ ಕೆಲ್ಸ ಎರಡು ಸಲ ಮಾಡೋ ಐಷಾರಾಮ ನಮಗಿಲ್ಲ. ಆ ಎಸ್‌ಡಿಎ ಸಂಜೆ ಸ್ಕೇಲ್ ಹಿಡ್ಕೊಂಡು ಕೂರೋ ಎರಡು ಗಂಟೆ ಅವರದ್ದೇ ತಾನೇ, ಅವರಿಗೆ ಬೇಲೂರು ಬಸ್ ತಪ್ಪತ್ತೆ.

ಈ ವರ್ಷಕ್ಕೆ ಹದಿನಾಲ್ಕರಲ್ಲಿ ಮೂರೇ ಇಟ್ಕೊಂಡಿದೀವಿ: ಫೀ, ಟಿಸಿ, ಆಮೇಲೆ ಪಾಸ್‌ವರ್ಡ್ ಪಟ್ಟಿ. ಮಿಕ್ಕ ಹನ್ನೊಂದರ ಮುಂದೆ "ಈ ವರ್ಷ ಇಲ್ಲ" ಅಂತ ಬರೆದು ಹಾಳೆನ ಆಫೀಸ್ ಗೋಡೆಗೆ ಅಂಟಿಸಿದೀನಿ, ನೋಡಿದೋರು ಯಾರಾದ್ರೂ ಜಗಳಕ್ಕೆ ಬರ್ಲಿ ಅಂತಾನೇ. ಬ್ಯಾಂಕಿನ ಪತ್ರ ಹಳೇ ಕಡತದಿಂದ ಈಚೆ ಬಂದಿದೆ, ಕಾರ್ಯದರ್ಶಿಗಳ ಸಹಿನೂ ಆಗಿದೆ. ಫೀ ಪ್ರಾಜೆಕ್ಟಿಗೆ ಈಗ ಸೂಪರಿಂಟೆಂಡೆಂಟ್ ಮೇಡಮ್ಮೇ ಯಜಮಾನರು, ಅವರು ಒಂದೇ ಶರತ್ತು ಹಾಕಿದಾರೆ, ರಸೀದಿ ಪುಸ್ತಕದ ಕೊನೇ ರಸೀದಿ ಕೆಳಗೆ ಗೆರೆ ಎಳೆದು "ಇಲ್ಲಿಗೆ ಮುಕ್ತಾಯ" ಅಂತ ಬರೆದು ಪ್ರಿನ್ಸಿಪಾಲ್ರು ತಾರೀಕು ಹಾಕಿ ಸಹಿ ಮಾಡ್ಬೇಕು, ಸೀಲೂ ಒತ್ಬೇಕು. ಪ್ರಿನ್ಸಿಪಾಲ್ರು ಪರೀಕ್ಷೆ ಡ್ಯೂಟಿ ಮೇಲೆ ಹೊರಗಿದಾರೆ, ಬುಧವಾರ ಬರ್ತಾರೆ. ಪುಸ್ತಕದಲ್ಲಿ ಇನ್ನೂ ಹನ್ನೆರಡು ಹಾಳೆ ಉಳಿದಿದೆ.